ಗೋಡೆ ತೀರಿಸಿದ ಸಾಲ

ಚಾಮರಾಜಪೇಟೆಯಲ್ಲಿದ್ದ ನಮ್ಮ ತಾತನ ಮನೆಗೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಸುಣ್ಣ ಹೊಡೆಸುತ್ತಿದ್ದರು. ಹಿತ್ತಲಲ್ಲಿ ಅರ್ಧಕ್ಕೆ ಕತ್ತರಿಸಿದ ತಗಡಿನ ಡ್ರಮ್ಮು, ಅದರ ತಳದಲ್ಲಿ ಬಿಳಿ ಕಲ್ಲುಗಳಂಥ ಸುಟ್ಟ ಸುಣ್ಣ. ಸುಣ್ಣ ಹೊಡೆಯುವವರು ಅದರ ಮೇಲೆ ಎರಡು ಬಿಂದಿಗೆ ತಣ್ಣೀರು ಸುರಿದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಒಂದು ಕಲ್ಲು ಚಟ್ಟನೆ ಬಿರಿಯುತ್ತಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಡ್ರಮ್ಮಿನ ತುಂಬ ಹಬೆ, ಕೊತಕೊತ ಸದ್ದು. "ಹತ್ರ ಹೋಗ್ಬೇಡ್ವೋ, ಹಾರಿದ್ರೆ ಕಣ್ಣೇ ಹೋಗತ್ತೆ!" ಎಂದು ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದರು.

ಒಲೆಯಿಲ್ಲ, ಸೌದೆಯಿಲ್ಲ, ನೀರು ಮಾತ್ರ ಕುದಿಯುತ್ತಿದೆ. ಇದಕ್ಕೆ ನಮ್ಮಲ್ಲಿರುವ ಮಾತು 'ಸುಣ್ಣ ಅರಳುವುದು'. ಕಲ್ಲಿನಂತಿದ್ದದ್ದು ಉಬ್ಬಿ, ಬಿರಿದು, ಪುಡಿಯಾಗುವುದನ್ನು ಕಂಡವರು ಇಟ್ಟ ಹೆಸರು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೂ ಇದೇ ಸುಣ್ಣ ಬರುತ್ತದೆ, ಆದರೆ ಅಲ್ಲಿ ಅದರ ಹೆಸರು 'ಬಹಿರುಷ್ಣಕ ಕ್ರಿಯೆ'. ಶಾಖವನ್ನು ಹೊರಕ್ಕೆ ಬಿಡುವ ಕ್ರಿಯೆ ಎಂದರ್ಥ. ಒಳಕ್ಕೆ ಎಳೆದುಕೊಳ್ಳುವುದು ಅಂತರುಷ್ಣಕ. ಪುಸ್ತಕಗಳು ಸಾಮಾನ್ಯವಾಗಿ ಮೊದಲನೆಯದಕ್ಕೆ ಪಟಾಕಿ, ಬೆಂಕಿ, ಸುಣ್ಣ ಎಂದು ಪುಟ ತುಂಬಿಸಿ, ಎರಡನೆಯದನ್ನು ಎರಡು ಸಾಲಲ್ಲಿ ಮುಗಿಸುತ್ತವೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ಡ್ರಮ್ಮಿನ ಬಿಸಿ ಎಲ್ಲಿಂದ ಬಂತು ಎಂದು ಕೇಳಿದಾಗ ಸುಣ್ಣ ಹೊಡೆಯುವವರು ಹೇಳಿದ್ದು: "ಗೂಡಲ್ಲಿ ಸುಟ್ಟಿರ್ತಾರಲ್ಲ ಮರಿ, ಆ ಬೆಂಕಿ ಕಲ್ಲೊಳಗೇ ಕೂತಿರತ್ತೆ." ನಾನು ನಕ್ಕಿದ್ದೆ. ರಸಾಯನಶಾಸ್ತ್ರ ಓದಿದ ಮೇಲೆ ಲೆಕ್ಕ ಹಾಕಿ ನೋಡಿದರೆ ಅವರು ಮುಕ್ಕಾಲು ಪಾಲು ಸರಿಯಾಗಿಯೇ ಹೇಳಿದ್ದರು.

ಲೆಕ್ಕ ಹೀಗಿದೆ. 100 ಗ್ರಾಂ ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ತೆಗೆದುಕೊಳ್ಳಿ. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಅದರಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಈ ಒಡೆತಕ್ಕೆ ಗೂಡು ಕೊಡಬೇಕಾದ ಶಾಖ 178 ಕಿಲೋಜೂಲ್. ಕಲ್ಲನ್ನು ಬಿಸಿ ಮಾಡಿದ ಖರ್ಚು ಬೇರೆ, ಅದು ಕಲ್ಲು ಆರಿದಾಗ ಹೋಗಿಬಿಡುತ್ತದೆ. ಈ 178 ಹಾಗಲ್ಲ. ಸುಣ್ಣ ತಣ್ಣಗಾಗಿ, ಗೋಣಿಚೀಲ ಸೇರಿ, ಲಾರಿ ಹತ್ತಿ ಬೆಂಗಳೂರಿಗೆ ಬಂದಮೇಲೂ ಆ ಸಾಲ ಅದರ ಹೆಸರಲ್ಲೇ ಇರುತ್ತದೆ. ಮುಟ್ಟಿದರೆ ಬಿಸಿಯಿಲ್ಲ. ಆದರೆ ಕ್ಯಾಲ್ಸಿಯಂ ಮತ್ತು ಆಕ್ಸಿಜನ್ ಮೊದಲಿಗಿಂತ ಕಡಿಮೆ ನೆಮ್ಮದಿಯ ಜೋಡಣೆಯಲ್ಲಿ ಕೂತಿವೆ. ಮುಕ್ಕಾಲು ಸರಿ ಎಂದದ್ದು ಇದಕ್ಕೇ: ಕೂತಿರುವುದು ಬೆಂಕಿಯಲ್ಲ, ನೆಮ್ಮದಿಯ ಕೊರತೆ.

ನೀರು ಬಿದ್ದ ಕೂಡಲೇ ಆ 56 ಗ್ರಾಂ ಸುಣ್ಣ 65 ಕಿಲೋಜೂಲ್ ಹಿಂದಿರುಗಿಸುತ್ತದೆ. ಕಿಲೋ ಲೆಕ್ಕದಲ್ಲಿ ಹೇಳಿದರೆ ಸುಮಾರು 1160. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಅಲ್ಲಿಗೆ ಮುಟ್ಟಿಸಲು 300 ಕಿಲೋಜೂಲ್ ಸಾಕು. ಅಂದರೆ ಒಂದು ಕಿಲೋ ಶುದ್ಧ ಸುಟ್ಟ ಸುಣ್ಣದ ಶಾಖ ಒಂದಿಷ್ಟೂ ಪೋಲಾಗದಿದ್ದರೆ ಮೂರೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಸೀತು. ಅಜ್ಜಿ ಕೂಗಿದ್ದರಲ್ಲಿ ತಪ್ಪೇನಿರಲಿಲ್ಲ.

ಆದರೆ 178 ಸಾಲದಲ್ಲಿ ತೀರಿದ್ದು 65 ಮಾತ್ರ. ಉಳಿದ 113 ಎಲ್ಲಿ ಹೋಯಿತು?

ಗೋಡೆಗೆ ಹೋಯಿತು. ಅರಳಿದ ಸುಣ್ಣಕ್ಕೆ ಒಂಚೂರು ನೀಲಿ, ಒಂದಿಷ್ಟು ಅಂಟು ಬೆರೆಸಿ ಕತ್ತಾಳೆ ನಾರಿನ ಕುಂಚದಲ್ಲಿ ಹೊಡೆದಾಗ ಗೋಡೆ ಮೊದಲು ಮಂಕಾಗಿ ಕಾಣುತ್ತದೆ. ಎರಡು ಮೂರು ದಿನದಲ್ಲಿ ಬೆಳ್ಳಗೆ ಹೊಳೆಯತೊಡಗುತ್ತದೆ. ಬರೀ ಒಣಗಿದ್ದಲ್ಲ ಅದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ನೀರನ್ನು ಬಿಟ್ಟುಕೊಟ್ಟು, ಸುಣ್ಣ ಮತ್ತೆ ಸುಣ್ಣದ ಕಲ್ಲೇ ಆಗುತ್ತಿದೆ. ಮೇಲ್ಪದರಕ್ಕೆ ದಿನಗಳು ಸಾಕು, ಒಳಗಿನದಕ್ಕೆ ವಾರ, ತಿಂಗಳು ಬೇಕು. ಈ ದಾರಿಯಲ್ಲಿ ಅದು ಬಿಡುವ ಶಾಖ ಸರಿಯಾಗಿ 113 ಕಿಲೋಜೂಲ್. 65ಕ್ಕೆ 113 ಸೇರಿಸಿ, 178. ಖಾತೆ ಚುಕ್ತಾ.

ಯಾವ ದಾರಿಯಲ್ಲಿ ಹೋದರೂ, ಎಷ್ಟು ಕಡೆ ನಿಂತು ಹೋದರೂ, ಹೊರಟ ಜಾಗ ಮತ್ತು ತಲುಪಿದ ಜಾಗ ಅವೇ ಆಗಿದ್ದರೆ ಒಟ್ಟು ಶಾಖದ ಲೆಕ್ಕ ಬದಲಾಗುವುದಿಲ್ಲ ಎಂಬುದನ್ನು 1840ರಲ್ಲಿ ಹೇಳಿದವರು ಜರ್ಮೈನ್ ಹೆಸ್. ಹುಟ್ಟಿದ್ದು ಜಿನೀವಾದಲ್ಲಿ, ದುಡಿದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಆ 113. ಹಬೆಯೆಬ್ಬಿಸಿ ಮಕ್ಕಳನ್ನೆಲ್ಲ ಹೆದರಿಸಿದ ಡ್ರಮ್ಮಿಗಿಂತ, ಸದ್ದಿಲ್ಲದೆ ನಿಂತ ಗೋಡೆ ಬಿಟ್ಟ ಶಾಖ ಹೆಚ್ಚುಕಡಿಮೆ ಎರಡರಷ್ಟು! ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅದು ಕಂತಿನಲ್ಲಿ ಬಂತು. ಒಂದು ಕಿಲೋ ಸುಟ್ಟ ಸುಣ್ಣದ ಪಾಲಿನ ಆ ಎರಡು ಸಾವಿರ ಕಿಲೋಜೂಲನ್ನು ಒಂದು ತಿಂಗಳಿಗೆ ಹಂಚಿದರೆ ಮುಕ್ಕಾಲು ವಾಟ್ ಬರುತ್ತದೆ. ದೇವರಮನೆಯ ಪುಟ್ಟ ಎಲ್‌ಇಡಿ ಬಲ್ಬಿನ ಲೆಕ್ಕ, ಅದೂ ಗೋಡೆಗೋಡೆಗೆ ಹರಡಿಹೋಗಿದ್ದು. ಜೊತೆಗೆ ಗೋಡೆಯ ನೀರು ಆವಿಯಾಗುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಶಾಖ ಎಳೆದುಕೊಳ್ಳುವುದರಿಂದ ಹೊಸ ಸುಣ್ಣದ ಗೋಡೆಗೆ ಕೆನ್ನೆಯಿಟ್ಟರೆ ತಂಪೇ. ಬಹಿರುಷ್ಣಕ ಎಂದರೆ ಕೈ ಸುಡಬೇಕು ಎಂದೇನಿಲ್ಲ. ಎಷ್ಟು ಶಾಖ ಎನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ಎನ್ನುವುದು ಪೂರ್ತಿ ಬೇರೆ ಪ್ರಶ್ನೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು, ಯಾಕೆಂದರೆ ಪಿಯುಸಿ ಮುಗಿಸಿದವರೂ ಇದನ್ನು ಹೇಳುವುದನ್ನು ಕೇಳಿದ್ದೇನೆ: "ಬಂಧ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ." ಇಲ್ಲ. ಪರಮಾಣುಗಳ ಬಂಧ ಒಡೆಯಲು ಯಾವಾಗಲೂ ಶಕ್ತಿ ಕೊಡಬೇಕು. ಶಕ್ತಿ ಬರುವುದು ಹೊಸ ಬಂಧ ಕೂಡಿದಾಗ. ಈಗ ಬೆಂಗಳೂರಿನ ಹಲವು ಬಡಾವಣೆಗಳಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತದಲ್ಲ, ಅದು ಬಹುಪಾಲು ಮೀಥೇನ್. 16 ಗ್ರಾಂ ಮೀಥೇನ್ 64 ಗ್ರಾಂ ಆಕ್ಸಿಜನ್ ಜೊತೆ ಉರಿಯುವಾಗ ಹಳೆಯ ಬಂಧಗಳನ್ನೆಲ್ಲ ಒಡೆಯಲು ಸುಮಾರು 2650 ಕಿಲೋಜೂಲ್ ಬೇಕು. ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯ ಹೊಸ ಬಂಧಗಳು ಕೂಡಿದಾಗ ಸುಮಾರು 3450 ಸಿಗುತ್ತದೆ. ನಿಮ್ಮ ಹಾಲು ಉಕ್ಕಿಸುವುದು ನಡುವಿನ ಆ 800 ಮಾತ್ರ. ಲೈಟರಿನ ಕಿಡಿ ಯಾಕೆ ಬೇಕು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೊದಲ ಕೆಲವು ಬಂಧಗಳನ್ನು ಬಿಡಿಸಲು ಯಾರಾದರೂ ಬಂಡವಾಳ ಹಾಕಬೇಕು. ಆಮೇಲೆ ಒಂದರ ಲಾಭದಲ್ಲಿ ಇನ್ನೊಂದು ನಡೆಯುತ್ತದೆ.

ಹಾಗಾದರೆ ನಷ್ಟದ ವ್ಯಾಪಾರ, ಅಂದರೆ ಶಾಖ ಎಳೆದುಕೊಳ್ಳುವ ಕ್ರಿಯೆ, ತಾನಾಗಿ ನಡೆಯಲೇಬಾರದಲ್ಲವೇ? ಬಹಿರುಷ್ಣಕ, ಅಂತರುಷ್ಣಕ ಎಂಬ ಹೆಸರುಗಳ ಮೂಲಪದಗಳನ್ನು ಟಂಕಿಸಿದ ಫ್ರೆಂಚ್ ವಿಜ್ಞಾನಿ ಮಾರ್ಸೆಲಿನ್ ಬರ್ತೆಲೋ 19ನೇ ಶತಮಾನದಲ್ಲಿ ಹಾಗೆಯೇ ನಂಬಿದ್ದರು: ತಾನಾಗಿ ನಡೆಯುವ ಕ್ರಿಯೆಗಳು ಅತಿ ಹೆಚ್ಚು ಶಾಖ ಬಿಡುವ ಕಡೆಗೇ ಸಾಗುತ್ತವೆ ಎಂದು. ಅಷ್ಟು ದೊಡ್ಡ ವಿದ್ವಾಂಸರ ಮಾತನ್ನು ನಮ್ಮ ಅಡುಗೆಮನೆಯೇ ಸುಳ್ಳುಮಾಡುತ್ತದೆ. ಅರ್ಧ ಲೋಟ ನೀರಿಗೆ ಎರಡು ಚಮಚ ಅಡುಗೆ ಸೋಡಾ, ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ. ಬುರುಬುರು ನೊರೆಯುಕ್ಕುತ್ತದೆ, ನೋಡಿದವರು ಬಿಸಿಯಾಗಿರಬೇಕು ಎಂದುಕೊಳ್ಳುತ್ತಾರೆ. ಲೋಟ ಹಿಡಿದರೆ ತಣ್ಣಗೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಥರ್ಮಾಮೀಟರನ್ನು ಅದ್ದಿ ನೋಡಿದಾಗ ಐದಾರು ಡಿಗ್ರಿ ಇಳಿದಿತ್ತು. ಯಾರೂ ಕಾಯಿಸದೆ ಕ್ರಿಯೆ ತಾನೇ ನಡೆದಿದೆ, ಬೇಕಾದ ಶಾಖವನ್ನು ನೀರಿನಿಂದಲೇ ಕಿತ್ತುಕೊಂಡಿದೆ. ಗಟ್ಟಿ ಹರಳುಗಳಲ್ಲಿ ಸಾಲಾಗಿ ಕೂತಿದ್ದ ಕಣಗಳು ಕರಗಿ, ಅನಿಲವಾಗಿ, ಸಾವಿರ ದಿಕ್ಕಿಗೆ ಚದುರುವ ಅವಕಾಶ ಸಿಕ್ಕಿತಲ್ಲ, ಆ ಚದುರುವಿಕೆಯ ಲಾಭ ಶಾಖದ ನಷ್ಟವನ್ನು ಮೀರಿಸಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು 1870ರ ದಶಕದಲ್ಲಿ ಕಲಿಸಿದವರು ಅಮೆರಿಕದ ವಿಲಾರ್ಡ್ ಗಿಬ್ಸ್. ಆ ತಕ್ಕಡಿಯಲ್ಲಿ ಉಷ್ಣತೆ ಏರಿದಂತೆಲ್ಲ ಚದುರುವಿಕೆಯ ತೂಕ ಹೆಚ್ಚುತ್ತದೆ. ಸುಣ್ಣದ ಕಲ್ಲು ಬಿಸಿಲಲ್ಲಿ ನೂರು ವರ್ಷ ಬಿದ್ದಿದ್ದರೂ ಸುಟ್ಟ ಸುಣ್ಣವಾಗದೆ, 900 ಡಿಗ್ರಿಯ ಗೂಡಿನಲ್ಲಿ ಅನಿಲ ಬಿಟ್ಟುಕೊಡುವುದು ಇದೇ ಕಾರಣಕ್ಕೆ.

ನಮ್ಮ ಎದುರಿನ ಸೈಟಿನಲ್ಲಿ ಮೊನ್ನೆ ತಾರಸಿ ಹಾಕಿದರು. ಮಾರನೇ ದಿನವೇ ಪಾತಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಸಿಮೆಂಟಿನ ಕಾವು ಆರಿಸಲು ನೀರು ಎಂದು ಬಹಳ ಜನ ತಿಳಿದಿದ್ದಾರೆ. ಸಿಮೆಂಟ್ ನೀರಿನೊಂದಿಗೆ ಸೇರುವುದೂ ಬಹಿರುಷ್ಣಕ, ಕಾವು ಬರುವುದು ನಿಜ. ಭಾರೀ ಗಾತ್ರದ ಕಾಂಕ್ರೀಟಿನಲ್ಲಿ ಆ ಕಾವಿಗೆ ಬಿರುಕು ಬಿಡಬಾರದೆಂದು ನೀರಿನ ಜೊತೆ ಮಂಜುಗಡ್ಡೆ ಬೆರೆಸುವುದೂ ಉಂಟು. ಆದರೆ ಕ್ಯೂರಿಂಗ್ ನೀರಿನ ಮುಖ್ಯ ಕೆಲಸ ಆರಿಸುವುದಲ್ಲ, ಕ್ರಿಯೆ ಅರ್ಧಕ್ಕೆ ನಿಲ್ಲದಂತೆ ಉಣಿಸುವುದು. ಸಿಮೆಂಟಿನ ಮೂಲವೂ ಅದೇ ಸುಣ್ಣದ ಕಲ್ಲು ತಾನೆ. ಒಂದು ವ್ಯತ್ಯಾಸವಿದೆ: ಸುಣ್ಣದ ಗೋಡೆ ತನ್ನ 44 ಗ್ರಾಂ ಅನಿಲವನ್ನು ಗಾಳಿಯಿಂದ ವಾಪಸ್ ಪಡೆದಷ್ಟು ಬೇಗ, ಅಷ್ಟು ಪೂರ್ತಿಯಾಗಿ ಕಾಂಕ್ರೀಟು ಪಡೆಯುವುದಿಲ್ಲ.

ತಾತನ ಮನೆ ಈಗಿಲ್ಲ. ಅಜ್ಜಿಯ ಎಲೆಅಡಿಕೆ ಪೆಟ್ಟಿಗೆ ನನ್ನ ಹತ್ತಿರವಿದೆ. ಅದರಲ್ಲಿ ಬೆರಳುದ್ದದ ಹಿತ್ತಾಳೆಯ ಸುಣ್ಣದ ಡಬ್ಬಿ. ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಒಳಗಿನ ಸುಣ್ಣ ಹಿಂದೊಮ್ಮೆ ಬೆಣ್ಣೆಯಂತಿದ್ದದ್ದು ಈಗ ಕಲ್ಲು. ಮಗಳು ಹಟ ಮಾಡಿ ನಾಲ್ಕು ಹನಿ ನೀರು ಬಿಟ್ಟು, ರಾತ್ರಿಯೆಲ್ಲ ನೆನೆಸಿಟ್ಟು, ಬೆಳಿಗ್ಗೆ ಕಡ್ಡಿಯಿಂದ ಕೆದಕಿದಳು. ಒಂದು ಚೂರೂ ಮೆತ್ತಗಾಗಿರಲಿಲ್ಲ, ಬಿಸಿಯೂ ಆಗಿರಲಿಲ್ಲ. "ಮತ್ತೆ ಅರಳಲ್ವಾ ಅಪ್ಪಾ?" ಅಂದಳು. ಅರಳತ್ತೆ, ಮೊದಲು ಗೂಡಿಗೆ ಹಾಕ್ಬೇಕು, ಅಂದೆ.