ಬಿಟ್ಟು ಹೋದವರ ಸಾಮಾನು ಮನೇಲೇ ಉಳಿದಿದ್ರೆ ಏನ್ ಮಾಡ್ಬೇಕು

ದಾವಣಗೆರೇಲಿ ಗಂಡ-ಹೆಂಡತಿ ಕೇಸ್ ನೋಡೋ ನನ್ನಂಥ ವಕೀಲರ ಹತ್ರ ಬರೋರು ಮೊದ್ಲು ಕೇಳೋದು ಡೈವೋರ್ಸ್ ಎಷ್ಟು ದಿನಕ್ಕೆ ಆಗುತ್ತೆ ಅಂತ. ಅದಕ್ಕೆ ಉತ್ತರ ಹೇಳಿ ಮುಗಿಸೋ ಹೊತ್ತಿಗೆ ಎರಡನೇ ಪ್ರಶ್ನೆ ಬರುತ್ತೆ, ಅದು ಬೀರು ಬಗ್ಗೆ. "ಮೇಡಂ, ಅವಳ ಸೀರೆ, ಪಾತ್ರೆ, ಮದ್ವೇಲಿ ಕೊಟ್ಟ ಮಂಚ ಎಲ್ಲಾ ನಮ್ಮನೇಲೇ ಐತಿ, ತವರಿಗೆ ಹೋಗಿ ಆರು ತಿಂಗ್ಳಾತು, ತಗದು ಹೊರಗಿಡ್ಲಾ?" ಅಂತಾರೆ ಗಂಡಸರು. "ಅವ್ರ ಬೈಕು, ಅಂಗಡಿ ಲೆಕ್ಕದ ಬುಕ್ಕು, ಹೊಲದ ಕಾಗದ ಎಲ್ಲಾ ಇಲ್ಲೇ ಅದಾವು, ಕೇಸ್ ಮುಗಿಯೋ ತನಕ ಕೊಡಬಾರ್ದು ಅಲ್ವಾ ಮೇಡಂ?" ಅಂತಾರೆ ಹೆಣ್ಮಕ್ಕಳು. ಇಬ್ರಿಗೂ ನಾನು ಹೇಳೋದು ಒಂದೇ ಮಾತು. ಎಸೆಯೋಕೂ ನಿಮಗೆ ಹಕ್ಕಿಲ್ಲ, ಒತ್ತೆ ಇಟ್ಕೊಳ್ಳೋಕೂ ಹಕ್ಕಿಲ್ಲ, ಪಟ್ಟಿ ಮಾಡಿ, ಸಹಿ ತಗೊಂಡು, ಆದಷ್ಟು ಬೇಗ ವಾಪಸ್ ಕೊಟ್ಟುಬಿಡಿ.

ಎಸೆಯೋದು ತಪ್ಪು ಅಂದ್ರೆ ಎಲ್ಲರೂ ಒಪ್ತಾರೆ, ಒತ್ತೆ ಇಟ್ಕೊಳ್ಳೋದು ತಪ್ಪು ಅಂದ್ರೆ ಯಾರೂ ಒಪ್ಪಲ್ಲ. "ಅವ್ರು ಮಗು ತೋರ್ಸಲ್ಲ, ನಾವ್ಯಾಕೆ ಬಂಗಾರ ಕೊಡಣ" ಅಂತ ಅತ್ತೆ ಕಡೆಯವ್ರು, "ಜೀವನಾಂಶ ಕೊಡ್ಲಿ, ಆಮೇಲೆ ಬೈಕ್ ತಗೊಂಡೋಗ್ಲಿ" ಅಂತ ತವರಿನವ್ರು. ಇದು ನೋಡೋಕೆ ನ್ಯಾಯವಾಗೇ ಕಾಣುತ್ತೆ, ಊರಿನ ಹಿರಿಯರು ಪಂಚಾಯ್ತಿ ಕೂತಾಗ ಕೂಡ ಹೀಗೇ ಮಾತಾಡ್ತಾರೆ. ಆದ್ರೆ ಕೋರ್ಟ್‌ನಲ್ಲಿ ಮಗುವಿನ ವಿಷಯ ಬೇರೆ, ಜೀವನಾಂಶ ಬೇರೆ, ಸಾಮಾನು ಬೇರೆ. ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಕೇಳಿದ್ರೆ ಜಡ್ಜ್ ಮುಂದೆ ಹೆಸರು ಕೆಡೋದು ಹಿಡ್ಕೊಂಡವರದ್ದೇ, ಅದೂ ಅಲ್ದೆ ಹೆಂಡತಿಯ ಬಂಗಾರ ಆಗಿದ್ರೆ ಕ್ರಿಮಿನಲ್ ಕೇಸಿಗೆ ನೀವೇ ಬಾಗಿಲು ತೆಗೆದು ಕೊಟ್ಟಂಗಾಗುತ್ತೆ.

ಸ್ತ್ರೀಧನ ಅಂದ್ರೆ ಏನು ಅನ್ನೋದು ಇಲ್ಲಿ ಸ್ಪಷ್ಟ ಇರ್ಬೇಕು. ಮದ್ವೆಗೆ ಮುಂಚೆ, ಮದ್ವೇಲಿ, ಮದ್ವೆ ಆದ್ಮೇಲೆ ಆಕೆಗೆ ಅಂತ ಕೊಟ್ಟಿದ್ದು, ತವರಿನವ್ರು ಕೊಟ್ಟಿರ್ಲಿ, ಗಂಡಿನ ಮನೆಯವ್ರೇ ಹಾಕಿರ್ಲಿ, ಅದು ಆಕೆಯದ್ದೇ. ತಾಳಿ ಸರ ನಾವ್ ಮಾಡ್ಸಿದ್ದು, ನಮ್ದು ಅನ್ನೋ ಮಾತು ನಿಲ್ಲಲ್ಲ. 1985ರಲ್ಲೇ ಪ್ರತಿಭಾ ರಾಣಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹೆಂಡತಿ ಸ್ತ್ರೀಧನ ಗಂಡನ ಮನೇಲಿದ್ರೆ ಆ ಮನೆಯವ್ರು ಅದನ್ನ ನಂಬಿಕೆ ಮೇಲೆ ಇಟ್ಕೊಂಡಿರೋರು ಅಷ್ಟೇ, ಕೇಳ್ದಾಗ ಕೊಡದೆ ಹೋದ್ರೆ ಅದು ನಂಬಿಕೆ ದ್ರೋಹದ ಅಪರಾಧ ಅಂತ. ಆಗ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 406 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಕಲಂ 316, ಐದು ವರ್ಷದ ತನಕ ಜೈಲು ಆಗ್ಬಹುದು. 2015ರ ಕೃಷ್ಣಾ ಭಟ್ಟಾಚಾರ್ಜಿ ಕೇಸಲ್ಲಿ ಕೋರ್ಟಿಂದ ಪ್ರತ್ಯೇಕವಾಸದ ಆದೇಶ ಆಗಿದ್ರೂ ಸ್ತ್ರೀಧನದ ಹಕ್ಕು ಹೋಗಲ್ಲ ಅಂದ್ರು, 2024ರ ಏಪ್ರಿಲ್‌ನಲ್ಲಿ ಮಾಯಾ ಗೋಪಿನಾಥನ್ ಕೇಸಲ್ಲಿ ಸ್ತ್ರೀಧನ ಗಂಡ-ಹೆಂಡತಿಯ ಜಂಟಿ ಆಸ್ತಿ ಅಲ್ವೇ ಅಲ್ಲ, ಕಷ್ಟಕಾಲಕ್ಕೆ ಗಂಡ ಬಳಸ್ಕೊಂಡ್ರೂ ವಾಪಸ್ ಮಾಡ್ಬೇಕು ಅಂದ್ರು. ಹಾಗಾಗಿ "ಅವಳ ಬಂಗಾರ ಅಡವಿಟ್ಟು ಬೋರ್ ಕೊರ್ಸಿದ್ವಿ, ಅವಳೂ ಆ ಹೊಲದ್ದೇ ಅನ್ನ ತಿಂದಿಲ್ವಾ" ಅಂತ ಚನ್ನಗಿರಿ ಕಡೆಯಿಂದಲೋ ಜಗಳೂರಿಂದಲೋ ಬಂದೋರು ಕೇಳ್ದಾಗ ಅವ್ರ ಸಂಕಟ ನಂಗೆ ಅರ್ಥ ಆಗುತ್ತೆ, ಮಳೆ ಇಲ್ದಿದ್ದ ವರ್ಷ ಅದೊಂದೇ ದಾರಿ ಇತ್ತು ಅನ್ನೋದೂ ಗೊತ್ತು, ಆದ್ರೂ ಆ ಅಡವಿನ ಚೀಟಿ ಹುಡುಕಿ ತನ್ನಿ, ಬಿಡಿಸ್ಕೊಡೋ ದಾರಿ ನೋಡಣ ಅಂತಲೇ ಹೇಳೋದು.

ಮುಸ್ಲಿಂ ಹೆಣ್ಮಕ್ಕಳಿಗೂ ಹಕ್ಕು ಗಟ್ಟಿಯಾಗೇ ಇದೆ, 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನ ಹಕ್ಕು ರಕ್ಷಣೆ) ಕಾಯ್ದೆ ಕಲಂ 3ರ ಪ್ರಕಾರ ತಲಾಖ್ ಆದ ಹೆಂಗಸಿಗೆ ಮೆಹರ್ (ಮದ್ವೇಲಿ ಗಂಡ ಕೊಡ್ತೀನಿ ಅಂತ ಒಪ್ಪಿದ್ದು) ಜತೆಗೆ ಮದ್ವೆ ಮುಂಚೆ, ಮದ್ವೇಲಿ, ಆಮೇಲೆ ಸಂಬಂಧಿಕರು, ಸ್ನೇಹಿತರು, ಗಂಡ, ಗಂಡನ ಕಡೆಯವ್ರು ಕೊಟ್ಟ ಎಲ್ಲಾ ವಸ್ತುವೂ ಸೇರ್ಬೇಕು. ಸ್ತ್ರೀಧನ ವಾಪಸ್ ಕೊಡ್ಸೋ ಕೌಟುಂಬಿಕ ದೌರ್ಜನ್ಯ ಕಾಯ್ದೆಗಂತೂ ಧರ್ಮದ ಭೇದವೇ ಇಲ್ಲ.

ಇನ್ನು ಪಟ್ಟಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಮುಕ್ಕಾಲು ಜಗಳ ಹುಟ್ಟೋದು ಪಟ್ಟಿ ಇಲ್ದೇ ಇರೋದ್ರಿಂದ. ವರದಕ್ಷಿಣೆ ನಿಷೇಧ ಕಾಯ್ದೆಯ 1985ರ ನಿಯಮದ ಪ್ರಕಾರ ಮದ್ವೇಲಿ ಬಂದ ಉಡುಗೊರೆಗಳ ಪಟ್ಟಿ ಎರಡೂ ಕಡೆಯವ್ರು ಬರೆದು ಸಹಿ ಹಾಕಿ ಇಟ್ಕೋಬೇಕು. ನನ್ನ ಹತ್ರ ಬರೋ ಮನೆಗಳಲ್ಲಿ ಆ ಪಟ್ಟಿ ಸಿಗೋದೇ ಅಪರೂಪ, ಮುಯ್ಯಿ ಬುಕ್ ಮಾತ್ರ ಜೋಪಾನವಾಗಿ ಇರುತ್ತೆ, ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ. ಪರವಾಗಿಲ್ಲ, ಆ ಬುಕ್ಕೂ ಒಂದು ಸಾಕ್ಷಿನೇ.

ಪಾತ್ರೆಗಳನ್ನ ತಿರುಗಿಸಿ ನೋಡಿ. ನಮ್ಮ ಕಡೆ ಸ್ಟೀಲ್ ಡಬ್ಬಿ, ಹಿತ್ತಾಳೆ ಕೊಡ, ತಾಮ್ರದ ಹಂಡೆ ಕೊಡೋವಾಗ ಅಂಗಡೀಲೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರ್ತಾರೆ, ಕೊಟ್ಟೋರ ಹೆಸರು, ಮದ್ವೆ ತಾರೀಖು, ಕೆಲವು ಸಲ ಊರೂ ಇರುತ್ತೆ. ಒಂದ್ಸಲ ಹರಿಹರದ ಒಂದು ಮನೇಲಿ ಯಾರ ಪಾತ್ರೆ ಯಾರ್ದು ಅಂತ ಎರಡು ಕಡೆಯವ್ರೂ ಬೆಳಗ್ಗಿಂದ ಕೂಗಾಡಿ ಸುಸ್ತಾಗಿದ್ರು, ಹುಡುಗಿ ಸೋದರಮಾವ ಸುಮ್ನೆ ಅಡುಗೆ ಮನೆಗೆ ಹೋಗಿ ಒಂದೊಂದೇ ಪಾತ್ರೆ ಎತ್ತಿ ಬೆಳಕಿಗೆ ಹಿಡ್ದು ಕೆಳಗಿನ ಹೆಸರು ಓದ್ತಾ ಬಂದ್ರು, ಅತ್ತೆ ಪಾತ್ರೆ ಒಂದ್ಕಡೆ, ಸೊಸೆ ಪಾತ್ರೆ ಇನ್ನೊಂದ್ಕಡೆ ಸಾಲಾಗಿ ಇಟ್ರು, ಹೆಸರಿಲ್ಲದೇ ಇದ್ದಿದ್ದು ಬೆರಳೆಣಿಕೆಯಷ್ಟು, ಅದನ್ನ ಆ ಅತ್ತೆಯೇ "ಒಯ್ಯಲಿ ಬಿಡ್ರಿ" ಅಂದ್ರು. ಪಟ್ಟೀಲಿ ಬರೆಯೋವಾಗ "ಸ್ಟೀಲ್ ಪಾತ್ರೆ ಒಂದು ಚೀಲ" ಅಂತ ಬರೀಬೇಡಿ, ಆ ಹೆಸರು ಸಮೇತ ಬರೀರಿ.

ಬಂಗಾರಕ್ಕೆ ಇನ್ನೂ ಹುಷಾರು ಬೇಕು. "ನೆಕ್ಲೆಸ್ 1" ಅಂತ ಬರೆದ್ರೆ ನಾಳೆ ನಲವತ್ತು ಗ್ರಾಂ ಇದ್ದಿದ್ದು ಇಪ್ಪತ್ತು ಗ್ರಾಂ ಆಗಿರುತ್ತೆ. ಎರಡೂ ಕಡೆಯವ್ರು ಒಪ್ಪೋ ಒಬ್ಬ ಸರಾಫರ ಹತ್ರ ತೂಕ ಹಾಕ್ಸಿ, ಹರಳಿದ್ರೆ ಹರಳು ಸೇರಿ ಎಷ್ಟು, ಬಿಟ್ಟು ಎಷ್ಟು ಅಂತ ಎರಡೂ ಬರ್ಸಿ. ಈಚೆಗೆ ತಗೊಂಡ ಒಡವೆ ಆಗಿದ್ರೆ ಅದ್ರ ಮೇಲೆ ಆರು ಅಕ್ಷರ-ಅಂಕಿಯ, ಆ ಒಡವೆಗೇ ಅಂತ ಇರೋ ಗುರುತಿನ ಎಚ್‌ಯುಐಡಿ ನಂಬರ್ ಇರುತ್ತೆ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಆ ನಂಬರ್ ಇಲ್ದೆ ಮಾರೋ ಹಾಗಿಲ್ಲ. ಭೂತಗನ್ನಡಿ ಇಟ್ಟು ಆ ನಂಬರ್ ಓದಿ ಪಟ್ಟೀಲಿ ಹಾಕಿ, ಸರ್ಕಾರದ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿದ್ರೆ ಅದು ಯಾವ ಒಡವೆ, ಎಷ್ಟು ಶುದ್ಧ ಅನ್ನೋದು ಬರುತ್ತೆ, ಆಮೇಲೆ ಒಡವೆ ಬದಲಾಯ್ತು ಅನ್ನೋ ಜಗಳ ಹುಟ್ಟಲ್ಲ. ಹಳೇ ಅವಲಕ್ಕಿ ಸರ, ಗುಂಡಿನ ಸರಕ್ಕೆ ನಂಬರ್ ಇರಲ್ಲ, ಅದಕ್ಕೆ ಮದ್ವೆ ಆಲ್ಬಮ್ಮೇ ಗತಿ, ಧಾರೆ ಹೊತ್ತಿನ ಫೋಟೋದಲ್ಲಿ ಕತ್ತಲ್ಲಿ ಏನೇನಿದೆ ಅಂತ ದೊಡ್ಡದು ಮಾಡಿ ನೋಡಿ. ರೇಷ್ಮೆ ಸೀರೆನೂ ಹಾಗೇ. ಮೊಳಕಾಲ್ಮೂರು ಸೀರೆ ಒಂದು, ಕಂಚಿ ಸೀರೆ ಎರಡು ಅಂತ ಬಣ್ಣ, ಅಂಚು ಸಮೇತ ಬರೀರಿ, ಫೋಟೋ ತೆಗೀರಿ, ಸೀರೆ ಬೆಲೆಗಿಂತ ಅದ್ರ ಮೇಲಿನ ಮನಸ್ಸು ದೊಡ್ಡದು.

ಎಲ್ಲಕ್ಕಿಂತ ಮೊದ್ಲು ಕೊಡ್ಬೇಕಾದ್ದು ಬಂಗಾರ ಅಲ್ಲ, ಕಾಗದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಗುವಿನ ಜನನ ಪ್ರಮಾಣ ಪತ್ರ, ತಾಯಿ ಕಾರ್ಡು, ಹೆಣ್ಣು ಮಗು ಆಗಿದ್ರೆ ಭಾಗ್ಯಲಕ್ಷ್ಮಿ ಬಾಂಡು. ಇವನ್ನ ಹಿಡ್ಕೊಂಡು ಕೂತ್ರೆ ನಿಮ್ಗೆ ಒಂದು ರೂಪಾಯಿ ಲಾಭ ಇಲ್ಲ, ಆ ಹುಡುಗಿಗೆ ಕೆಲಸಕ್ಕೆ ಅರ್ಜಿ ಹಾಕೋಕಾಗಲ್ಲ, ಮಗೂನ ಶಾಲೆಗೆ ಸೇರ್ಸೋಕೆ ಓಡಾಡ್ಬೇಕು. ಡಾಕ್ಟರ್ ಚೀಟಿ, ಕನ್ನಡಕ, ಮಾತ್ರೆ, ಮಗುವಿನ ಸ್ಕೂಲ್ ಬ್ಯಾಗು ಕೂಡ ಕಾಯೋ ವಸ್ತು ಅಲ್ಲ, ಅದೇ ವಾರ ಕಳ್ಸಿಕೊಡಿ. ಇದನ್ನ ನಾನು ಬೇಡ್ಕೊಂಡು ಹೇಳೋದು.

ಗಂಡ ಬಿಟ್ಟು ಹೋದ ಸಾಮಾನಿಗೆ ಸ್ತ್ರೀಧನದ ಕಾನೂನು ಅನ್ವಯ ಆಗಲ್ಲ, ಹಾಗಂತ ಅದು ಹೆಂಡತೀದೂ ಆಗಲ್ಲ. ಪಂಪ್‌ಸೆಟ್ ಸ್ಟಾರ್ಟರ್, ಗಾರೆ ಕೆಲಸದ ಸಾಮಾನು, ಅಂಗಡಿ ಬಿಲ್ ಬುಕ್ಕು ಇವೆಲ್ಲ ದುಡಿಮೆಯ ಸಾಮಾನು, ಅದನ್ನ ತಡೆದ್ರೆ ದುಡಿಮೆ ನಿಲ್ಲುತ್ತೆ, ದುಡಿಮೆ ನಿಂತ್ರೆ ನಾಳೆ ನೀವು ಕೇಳೋ ಜೀವನಾಂಶಕ್ಕೇ ಪೆಟ್ಟು. ಬೈಕ್ ಆರ್‌ಸಿ ಅವ್ರ ಹೆಸರಲ್ಲಿದ್ರೆ ಓಡಿಸ್ಬೇಡಿ. ಸಹಿ ಮಾಡಿಟ್ಟ ಖಾಲಿ ಚೆಕ್ ಬೀರುವಲ್ಲಿ ಸಿಕ್ಕಿದ್ರೆ ಅದ್ರಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕೋ ಯೋಚನೆ ಯಾರೇ ಹೇಳ್ಕೊಟ್ರೂ ಮಾಡ್ಬೇಡಿ. ಹಳೇ ಮೊಬೈಲು, ಲ್ಯಾಪ್‌ಟಾಪ್ ಇದ್ರೆ ಆಫ್ ಮಾಡಿ ಕವರಲ್ಲಿ ಹಾಕಿ ಇಡಿ, ಪಾಸ್‌ವರ್ಡ್ ಗೊತ್ತಿದ್ರೂ ತೆರೆದು ಮೆಸೇಜು ಓದೋದು, ಫೋಟೋ ತೆಗೆಯೋದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಕೆಳಗೆ ನಿಮ್ಮ ಮೇಲೇ ತಿರುಗ್ಬಹುದು.

ಅಳಿಯನಿಗೆ ಹಾಕಿದ ಉಂಗುರ, ವಾಚು ಬಗ್ಗೆ ಕೇಳ್ತಾರೆ. ಯಾರೂ ಕೇಳದೆ, ಪದ್ಧತಿ ಪ್ರಕಾರ, ಕೊಡೋರ ಯೋಗ್ಯತೆಗೆ ತಕ್ಕಂತೆ ಪ್ರೀತಿಯಿಂದ ಕೊಟ್ಟಿದ್ರೆ ಅವನದ್ದು. ಕೇಳಿ ಇಸ್ಕೊಂಡಿದ್ದಾದ್ರೆ ಅದು ವರದಕ್ಷಿಣೆ, 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಲಂ 6ರ ಪ್ರಕಾರ ಅದು ಹುಡುಗಿಗೇ ಸೇರ್ಬೇಕು. ಇಬ್ಬರಿಗೂ ಸೇರಿ ಕೊಟ್ಟ ಫ್ರಿಡ್ಜು, ಮಂಚ, ಟಿವಿ ಥರದ್ದನ್ನ ಹಿಂದೂ ವಿವಾಹ ಕಾಯ್ದೆ ಕಲಂ 27ರ ಕೆಳಗೆ ಡಿಕ್ರಿ (ಅಂತಿಮ ತೀರ್ಪಿನ ಆದೇಶ) ಕೊಡೋವಾಗ ಕೋರ್ಟೇ ತೀರ್ಮಾನ ಮಾಡ್ಬಹುದು, ಆದ್ರೆ ಹಳೇ ಫ್ರಿಡ್ಜಿಗೋಸ್ಕರ ವರ್ಷಗಟ್ಟಲೆ ಸಾಕ್ಷಿ ನುಡಿಸೋ ಬದ್ಲು ಕೂತು ಮಾತಾಡಿ ಹಂಚ್ಕೊಳ್ಳಿ.

ಬೀಗ ಬದಲಾಯಿಸೋರಿಗೆ ಒಂದು ಎಚ್ಚರಿಕೆ. ಹೆಂಡತಿ ತವರಿಗೆ ಹೋಗಿದಾಳೆ ಅಂತ ಅವಳ ಸಾಮಾನು ಮೂಟೆ ಕಟ್ಟಿ ಪಡಸಾಲೆಗೆ ಹಾಕಿ ಮನೆಗೆ ಹೊಸ ಬೀಗ ಹಾಕಿದ್ರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕಲಂ 17ರ ಪ್ರಕಾರ ಅವಳಿಗಿರೋ ವಾಸದ ಹಕ್ಕಿಗೆ ಕೈ ಹಾಕಿದಂಗೆ. ಮನೆ ನಮ್ಮಪ್ಪನ ಹೆಸರಲ್ಲೈತಿ ಅಂದ್ರೆ ಅಷ್ಟಕ್ಕೇ ಪಾರಾಗಲ್ಲ, 2020ರ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಅತ್ತೆ-ಮಾವನ ಮನೆಯೂ ಅವಳು ಸಂಸಾರ ಮಾಡಿದ ಮನೆಯಾಗಿದ್ರೆ ಆ ಹಕ್ಕು ಬರಬಹುದು ಅಂತ ಆಗಿದೆ. ಇದೇ ಕಾಯ್ದೆಯ ಕಲಂ 18ರಲ್ಲಿ ಬ್ಯಾಂಕ್ ಲಾಕರ್ ತೆಗೀಬೇಡಿ ಅಂತ ತಡೆ ಹಾಕ್ಬಹುದು, ಕಲಂ 19ರಲ್ಲಿ ಸ್ತ್ರೀಧನ ವಾಪಸ್ ಕೊಡಿ ಅಂತ ಮ್ಯಾಜಿಸ್ಟ್ರೇಟ್ ಆದೇಶ ಮಾಡ್ಬಹುದು. ಬಾಡಿಗೆ ಮನೇಲಿ, ಭೋಗ್ಯದ ಮನೇಲಿ ಇದ್ದೋರಿಗೆ ತೊಂದ್ರೆ ಬೇರೆ ಥರ, ವಿದ್ಯಾನಗರದಲ್ಲೋ ನಿಟ್ಟುವಳ್ಳೀಲೋ ಮನೆ ಓನರ್ ಖಾಲಿ ಮಾಡಿ ಅಂತ ಕೂತಿರ್ತಾರೆ, ಆಗ ಗಾಬ್ರೀಲಿ ಗುಜರಿಗೆ ಹಾಕ್ಬೇಡಿ, ಇಂಥ ದಿನ ಖಾಲಿ ಮಾಡ್ತಿದೀನಿ, ಸಾಮಾನು ಇಂಥ ಕಡೆ ಇಡ್ತೀನಿ ಅಂತ ಮೊದ್ಲೇ ಬರೆದು ತಿಳ್ಸಿ.

ಸಾಮಾನು ಒಪ್ಪಿಸೋ ದಿನ ಸಂಜೆ ಕತ್ತಲಾದ್ಮೇಲೆ ಇಟ್ಕೋಬೇಡಿ, ಹತ್ತು ಜನ ಟ್ರ್ಯಾಕ್ಸಲ್ಲಿ ಬರೋದೂ ಬೇಡ. ಒಂದೊಂದು ಕಡೆಯಿಂದ ಇಬ್ಬಿಬ್ರು, ಜೋರಾಗಿ ಮಾತಾಡದೇ ಇರೋರು. ಜಗಳದ ಭಯ ಇದ್ರೆ ಮೊದ್ಲೇ ಮಹಿಳಾ ಠಾಣೆಗೆ ಒಂದು ಅರ್ಜಿ ಕೊಟ್ಟು ಪೇದೆ ಕಳ್ಸಿ ಅಂತ ಕೇಳಿ, ಅಥವಾ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣಾಧಿಕಾರಿ ಮುಂದೆ ಮಾಡಿ, ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವ್ರೇ ಆ ಕೆಲಸ ನೋಡೋದು. ಪಟ್ಟಿ ಎರಡು ಪ್ರತಿ, ಪುಟಪುಟಕ್ಕೂ ಸಹಿ, ಮುರಿದಿದ್ದು ಹರಿದಿದ್ದು ಇದ್ರೆ ಅದನ್ನೂ ಬರೀರಿ. ಸಹಿ ಮಾತ್ರ ಹುಡುಗೀದೇ ಇರ್ಲಿ. ಅಪ್ಪ ಬಂದು ನಾನು ಕೊಟ್ಟಿದ್ದು, ನಂಗೆ ಕೊಡಿ ಅಂದ್ರೆ ಕೊಟ್ಟು ಕಳಿಸ್ತಾರೆ, ಆದ್ರೆ 2024ರಲ್ಲಿ ಮುಲಕಲ ಮಲ್ಲೇಶ್ವರ ರಾವ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿರೋ ಹಾಗೆ ಮಗಳು ಅಧಿಕಾರ ಕೊಡದೆ ತಂದೆ ಆಕೆಯ ಸ್ತ್ರೀಧನ ಕೇಳೋ ಹಾಗಿಲ್ಲ. ಹೆಣ್ಮಕ್ಕಳೂ ಒಂದು ನೆನಪಿಟ್ಕೊಳ್ಳಿ, ಪರಸ್ಪರ ಒಪ್ಪಿಗೆ ಡೈವೋರ್ಸಿನ ಅರ್ಜೀಲಿ "ಸಾಮಾನೆಲ್ಲಾ ಮುಟ್ಟಿದೆ, ಬಾಕಿ ಏನೂ ಇಲ್ಲ" ಅಂತ ಒಂದು ಸಾಲು ಇರುತ್ತೆ, ಸಾಮಾನು ನಿಜವಾಗ್ಲೂ ಕೈಗೆ ಬರೋ ಮುಂಚೆ ಅದಕ್ಕೆ ಸಹಿ ಹಾಕ್ಬೇಡಿ, ಮೊದ್ಲು ಸಹಿ ಮಾಡಮ್ಮ ಆಮೇಲೆ ಕಳಿಸ್ತೀವಿ ಅಂದ್ರೆ ಮೊದ್ಲು ಕಳ್ಸಿ ಅಂತಲೇ ಹೇಳಿ.

ಕರೆದ್ರೂ ಬರಲ್ಲ, ತಗೊಂಡೂ ಹೋಗಲ್ಲ ಅನ್ನೋರೂ ಇದಾರೆ. ಇಂತಿಷ್ಟು ತಿಂಗ್ಳು ಕಳೆದ್ರೆ ಸಾಮಾನು ನಿಮ್ದಾಗುತ್ತೆ ಅನ್ನೋ ಮಾತು ನಂಬ್ಬೇಡಿ. ಪಟ್ಟಿ, ಫೋಟೋ ಜತೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳ್ಸಿ, ತಗೊಂಡು ಹೋಗೋಕೆ ಎರಡು ದಿನಾಂಕ ಕೊಡಿ, ವಾಟ್ಸ್‌ಆ್ಯಪಲ್ಲೂ ಹಾಕಿ. ಆಗ್ಲೂ ಬರ್ದಿದ್ರೆ, ಕೇಸ್ ನಡೀತಿದ್ರೆ ಅದೇ ಕೋರ್ಟಿಗೆ ಅರ್ಜಿ ಹಾಕಿ ಕೋರ್ಟ್ ಕಮಿಷನರ್ (ಕೋರ್ಟ್ ಪರವಾಗಿ ಬಂದು ನೋಡೋರು) ನೇಮಿಸಿ ಸಾಮಾನಿನ ಪಟ್ಟಿ ಮಾಡ್ಸಿ ಅಂತ ಕೇಳ್ಬಹುದು. ಕೆಟ್ಟು ಹೋಗೋ ಕಾಳು-ಕಡಿ ಬಿಟ್ಟು ಬೇರೆ ಏನನ್ನೂ ಮಾರೋದು, ದಾನ ಮಾಡೋದು ಬೇಡ, ಒಂದು ಟ್ರಂಕಲ್ಲಿ ಬೇವಿನೆಲೆ ಹಾಕಿ ಒಣ ಜಾಗದಲ್ಲಿ ಇಟ್ಬಿಡಿ. ಮದ್ವೆ ಆಲ್ಬಮ್ ಮೇಲೆ ಸಿಟ್ಟು ತೀರಿಸ್ಕೊಳ್ಳೋರು ಬಹಳ ಜನ, ದಯವಿಟ್ಟು ಸುಡ್ಬೇಡಿ, ಕೇಸಿಗೆ ಅದು ಸಾಕ್ಷಿ, ಮಕ್ಕಳಿಗೆ ಅದು ಅಪ್ಪ-ಅಮ್ಮ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗುತ್ತೆ, ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ನೋಡ್ತಾರೆ. ದಾವಣಗೆರೆ ಆಗ್ಲಿ ಚಿತ್ರದುರ್ಗ ಆಗ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಹೋಗೋವಾಗ ಮದ್ವೆ ಫೋಟೋ, ಒಡವೆ ಬಿಲ್ಲು, ಮುಯ್ಯಿ ಬುಕ್ಕು, ನಿಮಗೆ ನೆನಪಿದ್ದಷ್ಟು ಬರೆದ ಪಟ್ಟಿ ಕೈಲಿರ್ಲಿ.