ದೀಪ ಆರಿಸಿ ಗೀಸರ್ ಉರಿಸುವ ಮನೆ

ಎರಡು ವರ್ಷದ ಹಿಂದೆ ದಾವಣಗೆರೆ ಕಡೆಯ ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದರು. ಗಂಡ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಹೆಂಡತಿ ಶಾಲೆಯಲ್ಲಿ ಟೀಚರ್. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಾಲದಲ್ಲಿ ಸಿಕ್ಕಿಕೊಂಡವರ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಬರುತ್ತಾರೆ. ಇವರು ನೂರು ಪುಟದ ನೋಟ್‌ಬುಕ್ ತಂದಿದ್ದರು. ಹತ್ತು ತಿಂಗಳ ಖರ್ಚು, ಕೊತ್ತಂಬರಿ ಸೊಪ್ಪಿನ ಐದು ರೂಪಾಯಿ ಸಮೇತ.

ಹಾಲು ಒಂದು ಲೀಟರಿನಿಂದ ಅರ್ಧ ಲೀಟರಿಗೆ ಇಳಿದಿತ್ತು, ಅದೂ ದಿನ ಬಿಟ್ಟು ದಿನ. ಪೇಪರ್ ಬಂದ್. ಮಗಳ ಮೊಟ್ಟೆ ಬಂದ್. ಸ್ಕೂಟರ್ ವಾರಕ್ಕೊಮ್ಮೆ. ಸಂಜೆ ಏಳರ ಮೇಲೆ ಇಡೀ ಮನೆಗೆ ಅಡುಗೆಮನೆಯ ದೀಪ ಒಂದೇ. ಮಗಳು ಅಲ್ಲೇ ಒಲೆ ಪಕ್ಕ ಕೂತು ಹೋಂವರ್ಕ್ ಮಾಡಬೇಕು. ಇಷ್ಟೆಲ್ಲ ಮಾಡಿ ತಿಂಗಳಿಗೆ 2,800 ರೂಪಾಯಿ ಉಳಿಸುತ್ತಿದ್ದರು.

"ಉಳಿಸಿದ ದುಡ್ಡು ಎಲ್ಲಿ ಹೋಗುತ್ತೆ?" ಅಂತ ಕೇಳಿದೆ.

"ತಿಂಗಳು ತಿಂಗಳು ಕಟ್ಟೋ ಠೇವಣಿ ಇದೆಯಲ್ಲ, ಆರ್‌ಡಿ, ಅದಕ್ಕೆ ಹಾಕ್ತೀವಿ ಸರ್. ಕೈಯಲ್ಲಿದ್ದರೆ ಖರ್ಚಾಗುತ್ತೆ ಅಂತ."

ಸಾಲ ಇದ್ದದ್ದು ಕ್ರೆಡಿಟ್ ಕಾರ್ಡಿನಲ್ಲಿ. ಅತ್ತೆಯ ಆಪರೇಷನ್‌ಗೆ ಉಜ್ಜಿದ್ದು. ಬಾಕಿ 90 ಸಾವಿರ. ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬಿಲ್ಲಿನಲ್ಲಿ ಬರುವ ಮಿನಿಮಮ್, ಬಾಕಿಯ ಶೇ 5ನ್ನು, ಅಂದರೆ 4,500 ರೂಪಾಯಿಯನ್ನು, ಒಂದು ತಿಂಗಳೂ ತಪ್ಪದೆ ಕಟ್ಟುತ್ತಿದ್ದರು. ಹಾಗಾಗಿ ತಮ್ಮದು ಶಿಸ್ತಿನ ಸಾಲ ಅಂದುಕೊಂಡಿದ್ದರು.

ನಮ್ಮ ಜನಕ್ಕೆ ಬಡ್ಡಿಯನ್ನು ವರ್ಷಕ್ಕೆ ಶೇಕಡಾ ಇಷ್ಟು ಅಂದರೆ ಬಿಸಿ ತಟ್ಟುವುದಿಲ್ಲ. ಊರಿನ ಭಾಷೆಯಲ್ಲಿ ಹೇಳಬೇಕು: ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ? ಇವರ ಕಾರ್ಡಿನದು ಮೂರೂವರೆ ರೂಪಾಯಿ ಬಡ್ಡಿ. ಅದರ ಮೇಲೆ ಶೇ 18 ಜಿಎಸ್‌ಟಿ. ಸೇರಿಸಿದರೆ ನಾಲ್ಕು ರೂಪಾಯಿ ದಾಟುತ್ತದೆ. ಓಣಿಯ ಕೊನೆಯ ಸಾಹುಕಾರ ನಾಲ್ಕು ರೂಪಾಯಿ ಕೇಳಿದರೆ ಇವರೇ ಜಗಳಕ್ಕೆ ನಿಲ್ಲುತ್ತಿದ್ದರು. ಆರ್‌ಡಿ ಕೊಡುತ್ತಿದ್ದದ್ದು ವರ್ಷಕ್ಕೆ ಶೇ 7, ಅಂದರೆ ತಿಂಗಳಿಗೆ ನೂರಕ್ಕೆ 58 ಪೈಸೆ. ಹಾಲು ಬಿಟ್ಟು ಉಳಿಸಿದ ದುಡ್ಡು 58 ಪೈಸೆ ದುಡಿಯುತ್ತಾ ಕೂತಿತ್ತು, ಸಾಲ ನಾಲ್ಕು ರೂಪಾಯಿ ತಿನ್ನುತ್ತಿತ್ತು.

ಕಟ್ಟಿದ 4,500ರಲ್ಲಿ ಬಡ್ಡಿ 3,150, ಜಿಎಸ್‌ಟಿ 567. ಅಸಲಿಗೆ ಹೋಗುತ್ತಿದ್ದದ್ದು 783. ಬಾಕಿ ಇಳಿದ ಹಾಗೆ ಮಿನಿಮಮ್ ಕೂಡ ಇಳಿಯುತ್ತದೆ ನೋಡಿ, ಅದರಲ್ಲೇ ಇರುವುದು ಕಾರ್ಡಿನವರ ಜಾಣತನ. ಬರೀ ಮಿನಿಮಮ್ ಕಟ್ಟಿಕೊಂಡು ಹೋದರೆ ಇವರ ಸಾಲ ಅರ್ಧಕ್ಕೆ ಬರಲು ಆರೂವರೆ ವರ್ಷ ಬೇಕಿತ್ತು. ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಿಸಿದ್ದರು, ಅದೊಂದು ಪುಣ್ಯ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿ ಇಲ್ಲದ ದಿನಗಳ ಸವಲತ್ತು ಇರುವುದಿಲ್ಲ. ಇವತ್ತು ಕೊಂಡ ಅಕ್ಕಿಗೆ ಇವತ್ತಿನಿಂದಲೇ ಬಡ್ಡಿ.

ಮನೆಯಲ್ಲಿ ಚಿನ್ನ ಇದೆಯಾ ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಕರಿನಲ್ಲಿ ಸರ ಇತ್ತು. "ಅಡ ಇಟ್ಟರೆ ಜನ ಏನಂತಾರೆ ಸರ್?" ಅಂದರು ಮೇಡಂ. ಕಾರ್ಡಿನ ಸಾಲ ಯಾರಿಗೂ ಕಾಣುವುದಿಲ್ಲ, ಬರಿಗೊರಳು ಎಲ್ಲರಿಗೂ ಕಾಣುತ್ತದೆ. ಈ ಒಂದು ಕಾರಣಕ್ಕೆ ನಾಲ್ಕು ರೂಪಾಯಿ ಬಡ್ಡಿ ಕಟ್ಟುವ ಮನೆಗಳನ್ನು ನಾನು ಎಷ್ಟು ನೋಡಿದ್ದೇನೋ. ಅವರಿಗೆ ಬ್ಯಾಂಕಿನಲ್ಲಿ ಒಂದು ರೂಪಾಯಿ ಬಡ್ಡಿಗೆ ಚಿನ್ನದ ಸಾಲ ಸಿಗುತ್ತಿತ್ತು. 90 ಸಾವಿರಕ್ಕೆ ತಿಂಗಳಿಗೆ 900. ಈಗ ಹೋಗುತ್ತಿದ್ದದ್ದು 3,717. ವ್ಯತ್ಯಾಸ 2,817.

ಆ ಅಂಕಿ ನೋಡಿ ಮೇಡಂ ನೋಟ್‌ಬುಕ್ ಮುಚ್ಚಿಟ್ಟರು. ಹತ್ತು ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ತಿಂಗಳಿಗೆ ಉಳಿಸಿದ್ದು 2,800. ಬ್ಯಾಂಕಿನಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಅಷ್ಟೇ ಉಳಿಯುತ್ತಿತ್ತು.

ಆರ್‌ಡಿ ಮುರಿಸಿದೆವು. ಬಂದ 28 ಸಾವಿರದಲ್ಲಿ ಹತ್ತು ಸಾವಿರ ಆಪತ್ತಿಗೆ ಅಂತ ಖಾತೆಯಲ್ಲೇ ಬಿಟ್ಟೆವು. ಇದನ್ನು ಬಿಡದಿದ್ದರೆ ಮುಂದಿನ ಜ್ವರಕ್ಕೆ ಮತ್ತೆ ಕಾರ್ಡ್ ಹೊರಗೆ ಬರುತ್ತದೆ. 18 ಸಾವಿರ ಕಾರ್ಡಿಗೆ ಹೋಯಿತು. ಉಳಿದ 72 ಸಾವಿರಕ್ಕೆ ಸರದ ಮೇಲೆ ಸಾಲ. ಮಧ್ಯೆ ಮಧ್ಯೆ ಕೈಲಾದಷ್ಟು ಕಟ್ಟಲು ಬಿಡುತ್ತೀರಾ ಅಂತ ಮೊದಲೇ ಕೇಳಿಕೊಂಡೆವು. ಅವಧಿ ಮುಗಿದರೂ ಕಟ್ಟದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ, ಅದು ನೆನಪಿರಲಿ. ಕಾರ್ಡನ್ನು ಅವರೇ ಕತ್ತರಿಸಿದರು. ಇದು ನನ್ನ ಹಟ. ಚಿನ್ನವನ್ನೂ ಅಡ ಇಟ್ಟು, ಖಾಲಿಯಾದ ಕಾರ್ಡನ್ನೂ ಮತ್ತೆ ತುಂಬಿಕೊಂಡವರು ಎರಡು ಸಾಲ ಹೊತ್ತು ವಾಪಸ್ ಬರುತ್ತಾರೆ.

ಇಲ್ಲೇ ಒಂದು ಮಾತು. ಟಿವಿ, ಸ್ಕೂಟರ್ ಸಾಲದಲ್ಲಿ "ಫ್ಲಾಟ್ 12 ಪರ್ಸೆಂಟ್" ಅಂದರೆ ಒಂದು ರೂಪಾಯಿ ಬಡ್ಡಿ ಅಂದುಕೊಳ್ಳಬೇಡಿ. ಕಂತು ಕಟ್ಟುತ್ತಾ ಅಸಲು ಇಳಿದರೂ ಬಡ್ಡಿ ಮೊದಲಿನ ಮೊತ್ತದ ಮೇಲೇ ನಡೆಯುತ್ತದೆ. ಎರಡು ವರ್ಷದ ಸಾಲವಾದರೆ ಅದು ನಿಜವಾಗಿ ಒಂದು ರೂಪಾಯಿ ಎಂಬತ್ತು ಪೈಸೆ.

ಇನ್ನು ಆ ಕತ್ತಲೆಯ ವಿಚಾರ. ಒಂಬತ್ತು ವ್ಯಾಟಿನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಮುಕ್ಕಾಲು ಗಂಟೆ ಉರಿದರೆ 45 ಯೂನಿಟ್. ಇವರ ಮನೆಯಲ್ಲಿ ಗೀಸರ್ ಹಾಕಿದವರು ಆರಿಸಲು ಮರೆಯುತ್ತಿದ್ದರು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಚಳಿಗಾಲದಲ್ಲಿ ಎರಡು ಸಲ ಸ್ವಲ್ಪದರಲ್ಲೇ ದಾಟಿತ್ತು. ಮಗು ಮಾತ್ರ ಸುಮ್ನೆ ಒಲೆ ಪಕ್ಕ ಕೂತಿತ್ತು.

ನೋಟ್‌ಬುಕ್ಕಿನಲ್ಲಿ ನನಗೆ ಸಿಟ್ಟು ಬಂದದ್ದು ಎರಡು ಕಡೆ. ಅತ್ತೆಯ ಬಿಪಿ ಮಾತ್ರೆ ದಿನ ಬಿಟ್ಟು ದಿನ ಅಂತ ಬರೆದಿತ್ತು. ಆಪರೇಷನ್ ಸಾಲ ತೀರಿಸಲು ಇನ್ನೊಂದು ಆಸ್ಪತ್ರೆ ಬಿಲ್‌ಗೆ ದಾರಿ ಮಾಡುವುದಾ? ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ತೆಗೆದುಕೊಳ್ಳಿ, ಬೆಲೆ ಬಹಳ ಕಡಿಮೆ ಅಂದೆ. ಎರಡನೆಯದು, ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು 436 ರೂಪಾಯಿಯ ಜೀವನ ಜ್ಯೋತಿ ಬಿಮಾ, ಎರಡನ್ನೂ ನಿಲ್ಲಿಸಿದ್ದರು. ಮೊದಲನೆಯದು ಅಪಘಾತದ ಸಾವಿಗೆ, ಎರಡನೆಯದು ಯಾವುದೇ ಸಾವಿಗೆ. ಎರಡರಲ್ಲೂ ಮನೆಯವರಿಗೆ 2 ಲಕ್ಷ. ಸಾಲ ಇರುವ ಮನೆಯಲ್ಲಿ ಕೊನೆಯವರೆಗೂ ಉಳಿಯಬೇಕಾದ ಖರ್ಚು ಇವು.

ಹಾಲು, ಮೊಟ್ಟೆ, ಮಾತ್ರೆ, ದೀಪ ವಾಪಸ್ ಬಂದವು. ಅದಕ್ಕೆ ತಿಂಗಳಿಗೆ 800 ಬಿಟ್ಟೆವು. ಉಳಿದ ಉಳಿತಾಯ ಎರಡು ಸಾವಿರ, ಮೊದಲಿನ 4,500, ಒಟ್ಟು 6,500. ಸಂಬಳ ಬಂದ ದಿನವೇ ಚಿನ್ನದ ಸಾಲಕ್ಕೆ. 12ನೇ ತಿಂಗಳಿಗೆ ಸರ ಮನೆಗೆ ಬಂತು.

ಅದಾದ ಮೇಲೆ ಒಮ್ಮೆ ಸಂತೆಯಲ್ಲಿ ಸಿಕ್ಕಿದ್ದರು. ಯಜಮಾನರು ಈಗಲೂ ಅಂಗಡಿಗೆ ನಡೆದೇ ಹೋಗುತ್ತಾರಂತೆ. ಸಾಲ ಇಲ್ಲವಲ್ಲ, ಸ್ಕೂಟರ್ ತೆಗೆಯಿರಿ ಅಂದೆ. "ಬೆಳಗ್ಗೆ ಅಡಿಕೆ ಮರದ ಕೆಳಗೆ ನಡೆಯೋದು ಚೆನ್ನಾಗಿರುತ್ತೆ ಸರ್" ಅಂದರು. ಮೇಡಂ ಮಾತ್ರ ಬೆಂಡೆಕಾಯಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಲೇ ಇದ್ದರು.