ಐರಿಶ್ ಭಾಷೆ: ಕಾನೂನಿಗೆ ಸಿಗದ ಒಂದು ಲೆಕ್ಕ

ಐರಿಶ್ ಭಾಷೆಯ ಅವನತಿಗೆ ಎಲ್ಲೆಡೆ ಕೇಳಿಬರುವ ಕಾರಣ ಒಂದೇ: ಇಂಗ್ಲಿಷರು ಅದನ್ನು ನಿಷೇಧಿಸಿದರು, ಆದ್ದರಿಂದ ಅದು ನಶಿಸಿತು. ನಿಷೇಧದಿಂದ ಕುಸಿದದ್ದನ್ನು ಕಾನೂನಿನಿಂದ ಎತ್ತಿ ನಿಲ್ಲಿಸಬಹುದು ಎಂಬ ನಂಬಿಕೆಯೂ ಇದರ ಬೆನ್ನಿಗೇ ಹುಟ್ಟಿಕೊಳ್ಳುತ್ತದೆ. ಭಾಷೆಯೊಂದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವ ಬಗೆಯನ್ನು ಗಮನಿಸಿದವರಿಗೆ ಈ ಎರಡೂ ಮಾತುಗಳು ಸಾಲದೆನಿಸುತ್ತವೆ.

ಐರ್ಲೆಂಡಿಗೆ ಬಂದು ನೆಲೆಸಿದ್ದ ಇಂಗ್ಲಿಷರು ಐರಿಶ್ ಮಾತನಾಡಕೂಡದೆಂದು 1366ರ ಕಿಲ್ಕೆನಿ ಶಾಸನಗಳು ವಿಧಿಸಿದ್ದವು. ಆದರೂ ಮುಂದಿನ ಎರಡು ಶತಮಾನಗಳಲ್ಲಿ ಆ ವಲಸಿಗರ ಮನೆಗಳಲ್ಲಿಯೇ ಐರಿಶ್ ಹರಡಿತು. ಏಕೆಂದರೆ ಅವರ ನೆರೆಹೊರೆ, ಆಳುಕಾಳು, ಬೀಗರು ಎಲ್ಲರೂ ಅದನ್ನೇ ಆಡುತ್ತಿದ್ದರು. ಪರಿಸ್ಥಿತಿ ಬದಲಾದದ್ದು ಐರಿಶ್ ಒಡೆಯರು ಇಂಗ್ಲಿಷರಿಗೆ ಸೋತ 1601ರ ಕಿನ್ಸೇಲ್ ಯುದ್ಧದ ನಂತರ. ಕವಿಗಳಿಗೂ ವಿದ್ವಾಂಸರಿಗೂ ಆಶ್ರಯ ಕೊಟ್ಟಿದ್ದ ಈ ಗೇಲಿಕ್ (ಐರಿಶ್ ಮೂಲದ) ಒಡೆಯರಲ್ಲಿ ಪ್ರಮುಖರು 1607ರಲ್ಲಿ ದೇಶ ಬಿಟ್ಟರು, ಭೂಮಿ ಪರರ ಪಾಲಾಯಿತು, ಸಂತೆ, ಕಚೇರಿ, ನ್ಯಾಯಾಲಯಗಳೆಲ್ಲ ಇಂಗ್ಲಿಷಿನಲ್ಲಿ ನಡೆಯತೊಡಗಿದವು. 1737ರ ಕಾಯ್ದೆ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನು ಕಡ್ಡಾಯಗೊಳಿಸಿತೇ ಹೊರತು ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಅಡುಗೆಮನೆಯ ಮಾತನ್ನು ಬದಲಿಸಿದವರು ತಂದೆತಾಯಿಯರು. ಮಗು ಐರಿಶ್ ನುಡಿದಾಗಲೆಲ್ಲ ಅದರ ಕೊರಳಿಗೆ ಕಟ್ಟಿದ ಕೋಲಿನ ಮೇಲೊಂದು ಗೀರು ಹಾಕಿ, ಗೀರುಗಳ ಲೆಕ್ಕದಲ್ಲಿ ಶಿಕ್ಷೆ ಕೊಡುವ ಪದ್ಧತಿಗೆ ಎಷ್ಟೋ ಕಡೆ ಹೆತ್ತವರ ಒಪ್ಪಿಗೆಯೂ ಇತ್ತು. ಅವರನ್ನು ದೂರುವುದು ಅನ್ಯಾಯ. ಮಗನನ್ನು ಅಮೆರಿಕದ ಹಡಗು ಹತ್ತಿಸಲೇಬೇಕಾದ ಬಡ ಗೇಣಿದಾರ ಅವನ ಕೈಗೆ ಕೊಡಬಹುದಾಗಿದ್ದ ಒಂದೇ ಆಸ್ತಿ ಇಂಗ್ಲಿಷ್ ಆಗಿತ್ತು.

1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ವಲಸೆ ಹೋದರು. ಆಲೂಗಡ್ಡೆಯನ್ನೇ ನಂಬಿದ್ದ ಪಶ್ಚಿಮದ ಬಡ ಪ್ರದೇಶಗಳೇ ಐರಿಶ್ ಭಾಷೆಯ ನೆಲೆಗಳಾಗಿದ್ದುದರಿಂದ ಪೆಟ್ಟು ನೇರವಾಗಿ ಭಾಷೆಗೇ ಬಿತ್ತು. 1851ರ ಜನಗಣತಿಯಲ್ಲಿ ಇನ್ನೂ ಸುಮಾರು ಹದಿನೈದು ಲಕ್ಷ ಭಾಷಿಕರು ಕಾಣಿಸಿದರು. ಆದರೆ ಕಾಲುವೆ ಮುಚ್ಚಿದ ಮೇಲೂ ಕೆರೆಯಲ್ಲಿ ಕೆಲಕಾಲ ನೀರು ನಿಲ್ಲುತ್ತದೆ. ಭಾಷೆಯ ಸ್ಥಿತಿಯನ್ನು ಅಳೆಯಲು ನೋಡಬೇಕಾದದ್ದು ಒಟ್ಟು ಭಾಷಿಕರನ್ನಲ್ಲ, ಮನೆಯಲ್ಲಿ ಅದನ್ನು ಕೇಳುತ್ತ ಬೆಳೆಯುವ ಮಕ್ಕಳನ್ನು.

ಇಲ್ಲಿರುವ ಸರಳ ಗಣಿತ ನನಗೆ ಅತ್ಯಂತ ಸೋಜಿಗದ್ದೆನಿಸುತ್ತದೆ. ಒಂದು ಊರಿನಲ್ಲಿ ನೂರಕ್ಕೆ ತೊಂಬತ್ತು ಜನ ಐರಿಶ್ ಬಲ್ಲವರು, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ ಎಂದುಕೊಳ್ಳೋಣ. ಐವರು ಆಕಸ್ಮಿಕವಾಗಿ ಒಂದೆಡೆ ಸೇರಿದಾಗ ಎಲ್ಲರೂ ಐರಿಶ್ ಬಲ್ಲವರೇ ಆಗಿರುವ ಸಂಭವ ಎಷ್ಟು? 0.9ನ್ನು ಐದು ಬಾರಿ ಗುಣಿಸಿದರೆ ಬರುವ ಉತ್ತರ ಸುಮಾರು 0.59. ಐವರಲ್ಲಿ ಒಬ್ಬರಿಗೆ ಬರದಿದ್ದರೂ ಸೌಜನ್ಯಕ್ಕಾಗಿ ಉಳಿದ ನಾಲ್ವರು ಇಂಗ್ಲಿಷಿಗೆ ಹೊರಳುತ್ತಾರೆ. ಅಂದರೆ ಬಹುತೇಕ ಪೂರ್ತಿ ಐರಿಶ್ ಎನ್ನಬಹುದಾದ ಊರಿನಲ್ಲಿಯೂ ಹತ್ತರಲ್ಲಿ ನಾಲ್ಕು ಗುಂಪುಗಳ ಮಾತುಕತೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಐರ್ಲೆಂಡ್ ಗಣರಾಜ್ಯದ 2022ರ ಜನಗಣತಿಯಲ್ಲಿ ಐರಿಶ್ ಬರುತ್ತದೆಂದವರು ಶೇಕಡಾ 40. ಅದೇ ಲೆಕ್ಕದಲ್ಲಿ ಐವರ ಗುಂಪು ಐರಿಶ್ ಮಾತನಾಡುವ ಸಂಭವ ನೂರಕ್ಕೆ ಒಂದು ಮಾತ್ರ. ಅದೇ ಗಣತಿಯಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ ಭಾಷೆ ಗೊತ್ತೆಂದಿದ್ದರೂ, ಶಿಕ್ಷಣದ ಹೊರಗೆ ನಿತ್ಯ ಅದನ್ನು ಬಳಸುವವರು 71,968 ಮಂದಿ ಮಾತ್ರ ಎಂಬುದು ಈ ಗುಣಾಕಾರವನ್ನು ಬಲ್ಲವರಿಗೆ ಅಚ್ಚರಿಯಲ್ಲ. ಐರಿಶ್ ಮನೆಮಾತಾಗಿರುವ ಗೇಲ್ಟಾಖ್ಟ್ ಪ್ರದೇಶಗಳ ಬಗ್ಗೆ 2007ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೂ, ನಿತ್ಯ ಬಳಸುವವರ ಪ್ರಮಾಣ ಶೇಕಡಾ 67ಕ್ಕಿಂತ ಕೆಳಗಿಳಿದ ಊರುಗಳಲ್ಲಿ ಐರಿಶ್ ಸಮುದಾಯದ ಭಾಷೆಯಾಗಿ ಉಳಿಯುವುದು ದುಸ್ತರವೆಂದು ಕಂಡುಕೊಂಡಿತು.

ಡೇನಿಯಲ್ ಅಬ್ರಾಮ್ಸ್ ಮತ್ತು ಸ್ಟೀವನ್ ಸ್ಟ್ರೊಗ್ಯಾಟ್ಸ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದ ಗಣಿತ ಮಾದರಿಯಲ್ಲಿ ಭಾಷೆಯ ಅಳಿವು ಉಳಿವುಗಳನ್ನು ತೂಗುವ ಅಂಶಗಳು ಎರಡು: ಭಾಷಿಕರ ಪ್ರಮಾಣ ಮತ್ತು ಭಾಷೆಗಿರುವ ಪ್ರತಿಷ್ಠೆ. ಐರಿಶ್ ಭಾಷೆಯ ಸೋದರಿಯಾದ ಸ್ಕಾಟಿಷ್ ಗೇಲಿಕ್‌ನ ಕುಸಿತದ ರೇಖೆಗೆ ಈ ಮಾದರಿ ಚೆನ್ನಾಗಿ ಹೊಂದಿಕೊಂಡಿತು. ರಾಜಕೀಯದ ಕೈಗೆ ಸುಲಭವಾಗಿ ಎಟಕುವುದು ಪ್ರತಿಷ್ಠೆಯೆಂಬ ಎರಡನೆಯ ಅಂಶ. ಮೊದಲನೆಯದು ಅದಕ್ಕೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

ಐರಿಶ್ ಭಾಷೆಯ ಪುನರುಜ್ಜೀವನಕ್ಕಾಗಿ 1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್ ಈ ಪ್ರತಿಷ್ಠೆಯನ್ನು ಮೇಲೆತ್ತಿತು. ಅದರ ಮೊದಲ ಅಧ್ಯಕ್ಷ ಡಗ್ಲಸ್ ಹೈಡ್ ಪ್ರಾಟೆಸ್ಟಂಟ್ ಪಾದ್ರಿಯ ಮಗ. ಐರಿಶ್ ಎಂದರೆ ಕ್ಯಾಥೊಲಿಕರ ಸೊತ್ತೆಂದು ಇಂದು ಸಲೀಸಾಗಿ ಹೇಳುವವರು, ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್‌ಫಾಸ್ಟ್‌ನಲ್ಲಿ ಐರಿಶ್ ಹಸ್ತಪ್ರತಿಗಳನ್ನು ಸಂಗ್ರಹಿಸಿದ ರಾಬರ್ಟ್ ಮೆಕ್‌ಆಡಮ್ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಥದವರಾಗಿದ್ದರೆಂಬುದನ್ನೂ ನೆನೆಯಬೇಕು. ಲೀಗ್ ರಾಜಕೀಯ ಸ್ವಾತಂತ್ರ್ಯವನ್ನು ತನ್ನ ಗುರಿಯಾಗಿ ಒಪ್ಪಿಕೊಂಡಾಗ, 1915ರಲ್ಲಿ, ಹೈಡ್ ಅಧ್ಯಕ್ಷ ಸ್ಥಾನ ತೊರೆದರು. ಮರುವರ್ಷ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಈಸ್ಟರ್ ದಂಗೆಯ ಮುಂಚೂಣಿಯಲ್ಲಿದ್ದವರು ಲೀಗ್‌ನ ಪತ್ರಿಕೆಯ ಸಂಪಾದಕರಾಗಿದ್ದ ಪ್ಯಾಟ್ರಿಕ್ ಪಿಯರ್ಸ್. ಅಲ್ಲಿಂದ ಮುಂದೆ ಐರಿಶ್ ನುಡಿ ಕಿವಿಗೆ ಬಿದ್ದೊಡನೆ ಆಡಿದವರ ಪಕ್ಷವನ್ನು ಊಹಿಸುವ ಅಭ್ಯಾಸ ಬಲಿಯಿತು. ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಕಂಡರೆ ಮಿದುಳು ಅವನ್ನು ಒಂದೇ ಎಂದು ಹೆಣೆಯುತ್ತದೆ. ಹೀಗೆ ಸ್ವಾತಂತ್ರ್ಯ ಬಯಸಿದ, ಬಹುಪಾಲು ಕ್ಯಾಥೊಲಿಕ್ ಸಮುದಾಯದಲ್ಲಿ ಏರಿದ ಪ್ರತಿಷ್ಠೆ, ಬ್ರಿಟನ್ನಿನೊಡನೆ ಇರಬಯಸಿದ, ಬಹುಪಾಲು ಪ್ರಾಟೆಸ್ಟಂಟ್ ಸಮುದಾಯದಲ್ಲಿ ಇಳಿಯಿತು. ದೇಶ ಇಬ್ಭಾಗವಾದಾಗ ಬ್ರಿಟನ್ನಿನ ಜೊತೆಗೇ ಉಳಿದ ಉತ್ತರ ಐರ್ಲೆಂಡಿನ 1949ರ ಕಾಯ್ದೆಯೊಂದು ಬೀದಿಗಳ ಹೆಸರಿನ ಫಲಕಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯನ್ನು ತಡೆದಿತ್ತು. ಅದು ರದ್ದಾದದ್ದು 1995ರಲ್ಲಿ.

1960ರ ದಶಕದ ಕೊನೆಯಿಂದ ಈ ಎರಡು ಸಮುದಾಯಗಳ ನಡುವೆ ಉತ್ತರ ಐರ್ಲೆಂಡಿನಲ್ಲಿ ನಡೆದ ಹಿಂಸಾತ್ಮಕ ಸಂಘರ್ಷದ ವರ್ಷಗಳಲ್ಲಿ ಐರಿಶ್ ನಿಜವಾಗಿ ಬೆಳೆದ ಎರಡು ತಾಣಗಳು ನಮ್ಮ ಗುಣಾಕಾರಕ್ಕೆ ಪುರಾವೆಯಂತಿವೆ. 1969ರ ಹೊತ್ತಿಗೆ ಬೆಲ್‌ಫಾಸ್ಟ್‌ನ ಶಾಸ್ ರೋಡಿನಲ್ಲಿ ಕೆಲವು ಕುಟುಂಬಗಳು ಅಕ್ಕಪಕ್ಕ ಮನೆ ಕಟ್ಟಿಕೊಂಡು ಮಕ್ಕಳನ್ನು ಐರಿಶ್‌ನಲ್ಲೇ ಬೆಳೆಸತೊಡಗಿದವು, 1971ರಲ್ಲಿ ತಮ್ಮದೇ ಶಾಲೆ ತೆರೆದವು. ಇತ್ತ ಲಾಂಗ್ ಕೆಶ್ ಸೆರೆಮನೆಯಲ್ಲಿ ಕೈದಿಯ ಉಡುಪನ್ನು ನಿರಾಕರಿಸಿ ಕಂಬಳಿ ಹೊದ್ದು ಪ್ರತಿಭಟಿಸುತ್ತಿದ್ದ ರಿಪಬ್ಲಿಕನ್ (ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಪಕ್ಷದ) ಕೈದಿಗಳು, ಪುಸ್ತಕಗಳಿಲ್ಲದೆ, ಕೋಣೆಯ ಬಾಗಿಲಾಚೆಗೆ ಪಾಠಗಳನ್ನು ಕೂಗಿ ಹೇಳಿ ಭಾಷೆ ಕಲಿತರು. ಆ ಹಾದಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಎರಡೂ ಕಡೆ ಗಮನಿಸಬೇಕಾದದ್ದು ಒಂದೇ: ಸುತ್ತಲಿನವರೆಲ್ಲರೂ ಒಂದೇ ಭಾಷೆಗೆ ಕಟ್ಟುಬಿದ್ದಿದ್ದರಿಂದ ಇಂಗ್ಲಿಷಿಗೆ ಹೊರಳುವ ಸಂದರ್ಭ ವಿರಳವಾಯಿತು.

2017ರ ಜನವರಿಯಲ್ಲಿ ಉಪ ಪ್ರಥಮ ಸಚಿವ ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟು ಉತ್ತರ ಐರ್ಲೆಂಡಿನ ಸರ್ಕಾರ ಕುಸಿಯಿತು. ಮುಖ್ಯ ಕಾರಣ ಇಂಧನ ಯೋಜನೆಯೊಂದರ ಹಗರಣ. ಆದರೆ ಅದಕ್ಕೆ ಕೆಲವೇ ದಿನ ಮೊದಲು ಐರಿಶ್ ಕಲಿಯುವವರಿಗೆ ಮೀಸಲಾಗಿದ್ದ 50,000 ಪೌಂಡ್ ಅನುದಾನವನ್ನು ತಡೆದದ್ದು ಕಿಚ್ಚಿಗೆ ತುಪ್ಪ ಸುರಿಯಿತು. ಮುಂದಿನ ಮೂರು ವರ್ಷ ಆಡಳಿತ ನಿಂತಾಗ ಪ್ರಮುಖ ಬೇಡಿಕೆಗಳಲ್ಲೊಂದು ಐರಿಶ್ ಭಾಷಾ ಕಾಯ್ದೆಯೇ ಆಗಿತ್ತು. 2022ರ ಕಾಯ್ದೆ ಐರಿಶ್‌ಗೆ ಅಧಿಕೃತ ಮನ್ನಣೆ ಕೊಟ್ಟು, 1737ರ ನಿರ್ಬಂಧವನ್ನು ತೆಗೆದುಹಾಕಿತು. ಈ ಮನ್ನಣೆ ನ್ಯಾಯವಾದದ್ದು, ಬಹಳ ತಡವಾಗಿ ಬಂದದ್ದು. ಪ್ರಾಟೆಸ್ಟಂಟರೇ ಹೆಚ್ಚಾಗಿರುವ ಪೂರ್ವ ಬೆಲ್‌ಫಾಸ್ಟ್‌ನಲ್ಲಿ ಲಿಂಡಾ ಎರ್ವಿನ್ ಆರಂಭಿಸಿದ ಐರಿಶ್ ತರಗತಿಗಳು ನನಗೆ ಅದರಷ್ಟೇ ಮುಖ್ಯವೆನಿಸುತ್ತವೆ, ಏಕೆಂದರೆ ಭಾಷೆಗೂ ಪಕ್ಷಕ್ಕೂ ಬಿದ್ದ ಹೆಣಿಗೆ ಬಿಡಿಸಿಕೊಳ್ಳುವುದು ಅಂಥ ಕಡೆಗಳಲ್ಲಿ.

ಪಶ್ಚಿಮ ಕರಾವಳಿಯ ಗೇಲ್ಟಾಖ್ಟ್ ಊರುಗಳಲ್ಲಿ ಈಗ ಹೋರಾಟ ನಡೆಯುತ್ತಿರುವುದು ಮನೆಗಳ ಬಗ್ಗೆ. ಐರಿಶ್ ಮಾತನಾಡುವ ಯುವ ದಂಪತಿಗಳಿಗೆ ಅಲ್ಲಿ ಮನೆ ಸಿಗುತ್ತಿಲ್ಲ. ಇರುವ ಎಷ್ಟೋ ಮನೆಗಳು ರಜೆಗೆ ಬರುವವರ ಪಾಲಾಗಿವೆ. ಅಂಥ ಊರಿನಲ್ಲಿ ಕಟ್ಟುವ ಹೊಸ ಮನೆಗೆ ಯಾರು ವಾಸಕ್ಕೆ ಬರುತ್ತಾರೆಂಬುದು ಶೇಕಡಾ 67ರ ಆ ಗೆರೆಯ ಯಾವ ಬದಿಗೆ ಊರು ವಾಲುತ್ತದೆಂಬುದನ್ನು ತೀರ್ಮಾನಿಸುತ್ತದೆ. ಆದ್ದರಿಂದಲೇ ಅಲ್ಲಿನ ಭಾಷಾ ಕಾರ್ಯಕರ್ತರು ಈಗ ವಸತಿ ಮತ್ತು ಕಟ್ಟಡ ಪರವಾನಗಿಯ ನಿಯಮಗಳನ್ನು ಬದಲಿಸಿರೆಂದು ಸರ್ಕಾರವನ್ನು ಒತ್ತಾಯಿಸುತ್ತಿದ್ದಾರೆ.